ಗಿಡ್ಡ ಕೊಳವೆಗಳ ಸದ್ದು

ಅಣ್ಣನ ಕಿವಿ ಹೋಗುತ್ತಿದೆ ಎಂದು ನನಗೆ ಗೊತ್ತಾದದ್ದು ಅಡುಗೆಮನೆಯಲ್ಲಿ. ಕುಕ್ಕರು ಕೂಗಿ ಕೂಗಿ ಸುಸ್ತಾದರೂ ಪಕ್ಕದಲ್ಲೇ ಕೂತು ದರ್ಭೆ ಕಟ್ಟುತ್ತಿದ್ದ ಅವನು ತಲೆ ಎತ್ತಲಿಲ್ಲ. ಒಲೆ ಆರಿಸಲಿಕ್ಕೂ ಸೋಮಾರಿತನವೇ ಎಂದು ರೇಗಿದೆ. ಯಾವ ಕುಕ್ಕರು ಎನ್ನುವ ಹಾಗೆ ನನ್ನನ್ನು ನೋಡಿದ.

ಕರ್ನಾಟಕದಿಂದ ಕಾಶಿಗೆ ಬರುವ ಯಾತ್ರಿಕರು ಹನುಮಾನ್ ಘಾಟಿನ ನಮ್ಮ ಮನೆಯಲ್ಲಿ ಇಳಿದುಕೊಳ್ಳುತ್ತಾರೆ. ಅವರ ಶ್ರಾದ್ಧ, ಪಿಂಡಪ್ರದಾನ ಅಣ್ಣನದು; ಊಟ ತಿಂಡಿ ನನ್ನದು. ಸ್ಟೇಷನ್ನಿನಿಂದ ಅವರನ್ನು ಕರೆತರುವ ಹಳೆಯ ಕಾರು ಇಬ್ಬರದೂ. ಅದು ಗಲ್ಲಿಯೊಳಗೆ ಬರುವುದಿಲ್ಲ, ಸೋನಾರ್‌ಪುರದ ಶೆಡ್ಡಿನಲ್ಲಿ ನಿಲ್ಲುತ್ತದೆ. ಅಣ್ಣ ಬೆಳಿಗ್ಗೆ ಘಾಟಿನಲ್ಲಿ ಮಂತ್ರ ಹೇಳಿಸಿ, ಮಧ್ಯಾಹ್ನ ಶೆಡ್ಡಿಗೆ ಹೋಗಿ ಇಂಜಿನ್ನಿನೊಳಗೆ ತಲೆ ಹಾಕುತ್ತಿದ್ದ. ಎರಡೂ ಕಡೆ ಅವನು ನಂಬಿದ್ದು ಕಿವಿಯನ್ನೇ. ಶ್ರಾದ್ಧಕ್ಕೆ ಕೂತ ಯಜಮಾನರ ಬಾಯಲ್ಲಿ ಸ್ವರ ಜಾರಿದರೂ ಹಿಡಿಯುತ್ತಿದ್ದ, ಇಂಜಿನ್ನಿನಲ್ಲಿ ಒಂದು ನಟ್ಟು ಸಡಿಲಾದರೂ ಹಿಡಿಯುತ್ತಿದ್ದ. ಅವನಲ್ಲೊಂದು ಮಾರುದ್ದದ ರಬ್ಬರ್ ಕೊಳವೆ ಇತ್ತು. ಒಂದು ತುದಿ ಕಿವಿಗೆ ಚುಚ್ಚಿಕೊಂಡು, ಇನ್ನೊಂದು ತುದಿಯನ್ನು ಓಡುತ್ತಿರುವ ಇಂಜಿನ್ನಿನ ಜೋಡಣೆಗಳ ಸುತ್ತ ಆಡಿಸಿ, ಗಾಳಿ ಎಲ್ಲಿ ಸೋರುತ್ತಿದೆ ಎಂದು ಹೇಳಿಬಿಡುತ್ತಿದ್ದ.

ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಧಾರವಾಡದ ವೈದ್ಯೆಯೊಬ್ಬರಿದ್ದಾರೆ. ಪರೀಕ್ಷೆ ಮಾಡಿ, ಅಣ್ಣನಿಗೆ ಕೇಳುವಂತೆ ಗಟ್ಟಿಯಾಗಿಯೇ ಹೇಳಿದರು: "ಮೊದಲ ಸಣ್ಣ ಸಪ್ಪಳ ಹೋಗತಾವ್ರೀ. ದಪ್ಪ ಸಪ್ಪಳ ಇನ್ನೊಂದಿಷ್ಟು ದಿನ ಕೇಳಸ್ತಾವು. ಆಮ್ಯಾಲೆ ಅವೂ ಕಡಿಮಿ ಆಗತಾವು. ಮಷಿನ್ ಹಾಕೋಬಹುದು, ಆದ್ರ ಮೊದಲಿನಂಗ ಆಗೂದಿಲ್ರೀ."

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅವನು ಅಳಲಿಲ್ಲ, ದೇವರನ್ನೂ ಬೈಯಲಿಲ್ಲ. "ಹಾಗಾದ್ರೆ ಆ ಮ್ಯಾನಿಫೋಲ್ಡ್ ಈಗ್ಲೇ ಹಾಕ್ಬೇಕು" ಎಂದ.

ಇಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಗಳ ಗೊಂಚಲು ಅದು. ನಮ್ಮ ಕಾರಿನಲ್ಲಿ ಟರ್ಬೊ ಗಿರ್ಬೊ ಏನಿಲ್ಲ, ಗಾಳಿಯನ್ನು ಅದು ತಾನೇ ಎಳೆದುಕೊಳ್ಳಬೇಕು. ಕೊಳವೆ ಉದ್ದವಿದ್ದರೆ ನಿಧಾನವಾಗಿ ಹೋಗುವಾಗ ಎಳೆತ ಚೆನ್ನಾಗಿರುತ್ತದೆ. ಗಿಡ್ಡವಾದರೆ ಇಂಜಿನ್ ಜೋರಾಗಿ ತಿರುಗುವಾಗ ಮಾತ್ರ ಬಲ, ಜೊತೆಗೆ ಎದೆ ನಡುಗಿಸುವ ಒಂದು ಗರ್ಜನೆ. ಹಿಂದೆಂದೋ ಯಾತ್ರಿಕರೊಬ್ಬರ ಕಾರಿನಲ್ಲಿ ಆ ಗರ್ಜನೆ ಕೇಳಿದಾಗಿನಿಂದ ಅಣ್ಣನಿಗೆ ಅದರದೇ ಹುಚ್ಚು. ದನ, ಇ-ರಿಕ್ಷಾ, ಹೆಣದ ಮೆರವಣಿಗೆಗಳ ನಡುವೆ ಮೂರನೇ ಗೇರು ಕಂಡರೇ ಪುಣ್ಯ ಎನ್ನುವ ಊರಿನಲ್ಲಿ ಗಿಡ್ಡ ಕೊಳವೆ!

"ತಲೆ ಕೆಟ್ಟಿದ್ಯಾ ನಿಂಗೆ?" ಎಂದು ಕೂಗಿದೆ. ಅದು ಕೇಳಿಸಿತು.

"ನಮ್ಮ ಗಾಡೀಲಿ ಒಂದೇ ಒಂದು ಸಲ ಕೇಳ್ಬೇಕು ಕಣೇ. ಆಮೇಲೆ ಹಳೇದನ್ನೇ ಹಾಕಿಬಿಡೋಣ."

ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಅಂದಿನಿಂದ ಅವನ ಜೊತೆ ನಾನೂ ಶೆಡ್ಡಿಗೆ ಹೋಗತೊಡಗಿದೆ.

ವೆಲ್ಡಿಂಗ್ ಅಂಗಡಿಯವನು ಅಲ್ಯೂಮಿನಿಯಂನ ನಾಲ್ಕು ಮೋಟು ಕೊಳವೆಗಳನ್ನು ಬೆಸೆದುಕೊಟ್ಟ. ಅಣ್ಣ ಪಂಚೆ ಎತ್ತಿ ಕಟ್ಟಿ, ಜನಿವಾರವನ್ನು ಬನಿಯನ್ನಿನೊಳಗೆ ತುರುಕಿ, ಹಳೆಯದನ್ನು ಬಿಚ್ಚಿದ. ಇಂಜಿನ್ನಿನ ಮುಖವನ್ನು ಪೂಜೆಯ ತಟ್ಟೆ ಉಜ್ಜಿದಷ್ಟೇ ಶ್ರದ್ಧೆಯಿಂದ ಉಜ್ಜಿದ. ಗಾಳಿ ಸೋರದಂತೆ ನಡುವೆ ಗ್ಯಾಸ್ಕೆಟ್ ಕೂರಿಸಿ, ನಡುವಿನ ನಟ್ಟುಗಳಿಂದ ಹೊರಗಿನವುಗಳ ಕಡೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತ ಹೋದ. ನಾನು ಟಾರ್ಚ್ ಹಿಡಿದಿದ್ದೆ. "ಪಂಡಿತ್‌ಜೀ, ಕಾರ್ ಹೈ ಕಿ ಹೆಲಿಕಾಪ್ಟರ್?" ಎಂದು ಪಕ್ಕದ ರಿಕ್ಷಾದವನು ಛೇಡಿಸಿದ. ಅಣ್ಣ ತಿರುಗಿಯೂ ನೋಡಲಿಲ್ಲ. ಕೇಳಿಸಲಿಲ್ಲವೋ, ಲೆಕ್ಕಕ್ಕಿಡಲಿಲ್ಲವೋ.

ಕೀಲಿ ತಿರುಗಿಸಿದೆ. ಇಂಜಿನ್ ಎದ್ದಿತು, ಆದರೆ ಒಂದೇ ಸಮನೆ ಓಡದೆ ಏರಿ ಇಳಿಯತೊಡಗಿತು. ಕಾರಿನಿಂದಿಳಿದು ಮುಂದೆ ಬರುವಷ್ಟರಲ್ಲೇ ನನಗೆ ಕೇಳಿಸಿತು. ಹಿಂಬದಿಯ ಮೂಲೆಯಲ್ಲಿ, ಕೈ ಸುಲಭಕ್ಕೆ ಹೋಗದ ಜಾಗದಲ್ಲಿ, ಸ್ಸ್ಸ್ ಎಂದು ಗಾಳಿ ಎಳೆಯುತ್ತಿತ್ತು. ಅಣ್ಣ ರಬ್ಬರ್ ಕೊಳವೆ ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದ. ಮೊದಲ ಕೊಳವೆಯ ಬುಡ, ಎರಡನೆಯದು, ಮೂರನೆಯದು. ಸೋರುತ್ತಿದ್ದ ಜಾಗಕ್ಕೇ ತುದಿ ತಂದು ಹಿಡಿದ. ಹಿಡಿದೇ ಇದ್ದ.

"ಎಲ್ಲೂ ಸೋರ್ತಿಲ್ಲ" ಎಂದ.

"ಚಹಾ ತಗೊಂಡು ಬಾ ಹೋಗು" ಎಂದು ಸುಮ್ಮಸುಮ್ಮನೆ ಸಿಡುಕಿ ಅವನನ್ನು ಅಂಗಡಿಗೆ ಅಟ್ಟಿದೆ. ಇಂಜಿನ್ ಆರಿಸಿ, ಹಿಂದಿನ ಮೂಲೆಯ ನಟ್ಟನ್ನು ತಡಕಿ, ಬೆರಳಿನ ಗಿಣ್ಣು ತರಚಿದರೂ ಬಿಡದೆ ಬಿಗಿ ಮಾಡಿದೆ. ಮತ್ತೆ ಶುರು ಮಾಡಿದಾಗ ಸದ್ದಿರಲಿಲ್ಲ. ಅವನು ಮಣ್ಣಿನ ಕುಲ್ಹಡಗಳಲ್ಲಿ ಚಹಾ ಹಿಡಿದು ಬಂದು, ಬಾನೆಟ್ಟಿನ ಮೇಲೆ ಅಂಗೈಯಿಟ್ಟು, ಇಂಜಿನ್ ಸಮನಾಗಿ ಓಡುತ್ತಿರುವುದನ್ನು ಕಂಡುಕೊಂಡ.

ಸೋನಾರ್‌ಪುರ ದಾಟುವಷ್ಟರಲ್ಲಿ ಕಾರು ನಾಲ್ಕಾರು ಸಲ ಮುಗ್ಗರಿಸಿ ನಿಂತಿತು. ಹಿಂದಿನವರೆಲ್ಲ ಹಾರ್ನ್ ಬಾರಿಸಿ ನಮ್ಮ ಜನ್ಮ ಜಾಲಾಡಿದರು. ಊರಾಚೆಯ ಅಗಲ ರಸ್ತೆ ಸಿಕ್ಕಿದ ಮೇಲೆ ಅಣ್ಣ ಆಕ್ಸಿಲರೇಟರ್ ಒತ್ತಿದ. ಮೀಟರಿನ ಮುಳ್ಳು ಮೇಲಕ್ಕೇರುತ್ತ ಹೋಗಿ ಒಂದು ಹಂತ ದಾಟಿದ್ದೇ ತಡ, ಮುಂದಿನಿಂದ ಆ ಗರ್ಜನೆ ಎದ್ದಿತು. ಸೀಟು ನಡುಗಿತು. ಅಣ್ಣ ಬಾಯಿಬಿಟ್ಟು ನಗುತ್ತಿದ್ದ, ಕಣ್ಣಿಂದ ನೀರು ಇಳಿಯುತ್ತಿತ್ತು. "ಕೇಳ್ತಿದೆ ಕಣೇ! ಕೇಳ್ತಿದೆ!" ಎಂದು ಕೂಗಿದ. ನಾನೂ ಅತ್ತೆ. ಅಷ್ಟು ಸಂತೋಷ, ಅಷ್ಟು ಸಂಕಟ ಒಟ್ಟಿಗೇ ಆದದ್ದು ನನ್ನ ಬದುಕಿನಲ್ಲಿ ಅದೊಂದೇ ಸಲ.

ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ ಇಂಜಿನ್ ಆರಿಸಿದ. ಲಾರಿಯೊಂದು ದೂರ ಹೋಗಿ ರಸ್ತೆ ಖಾಲಿಯಾಯಿತು. ಅವನು ನನ್ನ ತರಚಿದ ಬೆರಳನ್ನು ಹಿಡಿದು ನೋಡಿದ.

"ಹಿಂದಿನ ನಟ್ಟು ಅಲ್ವಾ?"

ತಲೆಯಾಡಿಸಿದೆ.

"ಹೇಗಿತ್ತು ಸದ್ದು? ಮಾಡಿ ತೋರ್ಸು. ಒಂದ್ಸಲ."

ಬೇಡ ಎಂದೆ. ಅವನು ಬಿಡಲಿಲ್ಲ, ನನ್ನ ಕಡೆಗೆ ಪೂರ್ತಿ ತಿರುಗಿ ಕೂತ. ಹಲ್ಲು ಕೂಡಿಸಿ ಸ್ಸ್ಸ್ ಎಂದೆ. ಉಸಿರು ಮುಗಿಯುವ ತನಕ ಬಿಡದೆ ಅಂದೆ. ಅವನು ನನ್ನ ತುಟಿಗಳನ್ನೇ ನೋಡುತ್ತ ಕಾಯುತ್ತಿದ್ದ.

"ಹೂಂ, ಶುರು ಮಾಡು" ಎಂದ.