ಮಾವನ ಬೀಪಿ

ಮೊನ್ನೆ ಶಿವಮೊಗ್ಗದಿಂದ ಭದ್ರಾವತಿಗೆ ಹೊರಟ ಬಸ್ಸಿನ ಬಾಗಿಲಲ್ಲೇ ನಿಂತಿದ್ದವನೊಬ್ಬನನ್ನು ಕಂಡಕ್ಟರ್ ಗದರಿದರು: "ಒಳಗೆ ಬಾ ಮಾರಾಯ, ನಂಗೆ ಬೀಪಿ ಏರಿಸ್ಬೇಡ!" ಬಸ್ಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ನಾನು ಹೊರಟಿದ್ದುದು ಸೋದರಮಾವನನ್ನು ನೋಡಲು.

ನಮ್ಮ ಕಡೆ ಬೀಪಿ ಎಂದರೆ ಕಾಯಿಲೆಯಲ್ಲ, ಸಿಟ್ಟು. ನೀವೂ ಹಾಗೆ ಅಂದಿರುತ್ತೀರಿ. ನಾನಂತೂ ಸಾವಿರ ಸಲ ಅಂದಿದ್ದೇನೆ. ಮಾವ ಕಾರ್ಖಾನೆಯ ಕುಲುಮೆಯ ಮುಂದೆ ಬೆಂದು ಬಂದವರು ಮನೆಯಲ್ಲಿ ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿಯುತ್ತಿದ್ದರು. ಕಾಫಿಗೆ ಸಕ್ಕರೆ ಒಂದು ಕಾಳು ಕಡಿಮೆಯಾದರೂ ಸಾಕು, "ಇದೇನು ಕಾಫಿನೋ ಕಲಗಚ್ಚೋ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗು. ಪಕ್ಕದ ಮನೆಯ ತಮಿಳು ಅಜ್ಜಿ ಆಗ ತಮ್ಮ ಲೋಟದ ಕಾಫಿಯನ್ನೂ ಒಮ್ಮೆ ರುಚಿ ನೋಡಿಕೊಳ್ಳುತ್ತಿದ್ದರಂತೆ. ಅತ್ತೆ ಮಾತ್ರ, "ಬೀಪಿ ಕಣೋ ಅವ್ರಿಗೆ, ಮಾತ್ರೆ ತಗೊಂಡಿಲ್ಲ" ಎಂದು ನಗುತ್ತಿದ್ದರು.

ನಿವೃತ್ತರಾದ ಮೇಲೆ ಮಾವ ಮೆತ್ತಗಾದರು. ಕೂಗಾಟ ನಿಂತಿತು. "ಸಿಟ್ಟೇ ಇಲ್ಲ ಅಂದ್ಮೇಲೆ ಬೀಪಿ ಎಲ್ಲಿಂದ ಬರ್ಬೇಕು?" ಎಂದು ಮಾತ್ರೆಯನ್ನೂ ಬಿಟ್ಟರು. ಮನೆಯವರಿಗೆಲ್ಲ ಅದು ಸರಿಯಾದ ಲೆಕ್ಕವಾಗಿಯೇ ಕಂಡಿತು.

ಒಂದು ಬೆಳಿಗ್ಗೆ ಅವರಿಗೆ ತಲೆ ಸೀಳುವಂಥ ನೋವು, ವಾಂತಿ, ಕಣ್ಣು ಮಂಜು. ಪಿತ್ತ ನೆತ್ತಿಗೇರಿದೆ ಎಂದುಕೊಂಡು ಅತ್ತೆ ನಿಂಬೆಹಣ್ಣು ಹಿಂಡಿ, ಉಪ್ಪು ಬೆರೆಸಿ ಕೊಟ್ಟರು. ಮಾವ ಲೋಟವನ್ನು ತೋರಿಸಿ "ಚಪ್ಪಲಿ" ಎಂದರು. ತಮಾಷೆಯೆಂದು ಅತ್ತೆ ನಕ್ಕರು. ಅಷ್ಟರಲ್ಲಿ ಬಲಗೈಯಿಂದ ಲೋಟ ಜಾರಿತು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಅತ್ತೆಯನ್ನು ಕೂರಿಸಿಕೊಂಡು ಹೇಳಿದರು: "ಸಿಟ್ಟು ಇಳೀತು ಅಂದ್ರೆ ಬೀಪಿ ಇಳೀತು ಅಂತಲ್ಲಮ್ಮ. ಅದು ಸದ್ದಿಲ್ದೆ ಏರುತ್ತೆ. ಏರಿ ಏರಿ ಮಿದುಳಲ್ಲಿ ರಕ್ತನಾಳ ಒಡ್ದಿದೆ. ಮಾತಿನ ಜಾಗದಲ್ಲೇ."

ಜೀವ ಉಳಿಯಿತು. ಮಾತು ಹೋಯಿತು.

ಮೊನ್ನೆ ಅತ್ತೆ ನಮ್ಮಿಬ್ಬರಿಗೂ ಕಾಫಿ ತಂದರು. ಒಂದು ಗುಟುಕು ಕುಡಿದೆ, ಸಕ್ಕರೆಯೇ ಇಲ್ಲ. ಮಾವ ಎಡಗೈಯಲ್ಲಿ ಲೋಟ ಹಿಡಿದು ಸುಮ್ಮನೆ ಕುಡಿಯುತ್ತಿದ್ದರು.

"ಬೇಕಂತ್ಲೇ ಹಾಕ್ಲಿಲ್ಲ ಕಣೋ," ಅತ್ತೆ ನನ್ನ ಕಿವಿಯ ಹತ್ತಿರ ಹೇಳಿದರು. "ದಿನಾ ಹೀಗೇ ಕೊಡ್ತೀನಿ. ಒಂದ್ಸಲ ಬೈದ್ರೆ ಸಾಕು ನಂಗೆ."

ಲೋಟ ಕೆಳಗಿಟ್ಟು ನಾನೇ ಗಟ್ಟಿಯಾಗಿ ಕೂಗಿದೆ: "ಇದೇನು ಕಾಫಿನೋ ಕಲಗಚ್ಚೋ?"

ಮಾವ ತಲೆಯೆತ್ತಿ ನನ್ನನ್ನೇ ನೋಡಿದರು. ತುಟಿ ಅಲುಗಿತು, ಅಷ್ಟೇ. ಸಕ್ಕರೆ ತರುತ್ತೇನೆಂದು ಒಳಗೆ ಹೋದ ಅತ್ತೆ ಬಹಳ ಹೊತ್ತು ಹೊರಗೆ ಬರಲಿಲ್ಲ.