ವಾರಿಜಕ್ಕ ಬರೆದ ಅರ್ಜಿ

ಎದುರಿಗಿದ್ದವರು ಅತ್ತರೂ ವಾರಿಜಕ್ಕನ ಬೆರಳುಗಳು ಟೈಪ್‌ರೈಟರ್ ಮೇಲೆ ಓಡುತ್ತಲೇ ಇರುತ್ತಿದ್ದವು. ಏನನ್ನಾದರೂ ಮುಚ್ಚಿಟ್ಟರೆ ಮಾತ್ರ ನಿಲ್ಲುತ್ತಿದ್ದವು. ಮುಂಬಯಿಯ ಕೋರ್ಟೊಂದರ ಹೊರಗೆ, ಬಾದಾಮಿ ಮರದ ಕೆಳಗೆ ಅವರ ಮೇಜು. ಮರ ಬಾದಾಮಿಯದೇ ಆಗಿತ್ತೆ? ಆಣೆ ಮಾಡಲಾರೆ. ಸೀರೆಯ ಬಣ್ಣ ಹೇಳಹೊರಟರೆ ಕಟ್ಟುಕತೆಯಾಗುತ್ತದೆ. ಉಡುಪಿ ಕಡೆಯವರು, ಅರ್ಜಿ ಟೈಪ್ ಮಾಡುತ್ತಿದ್ದರು, ಇಷ್ಟು ಖಚಿತ.

ಎಂಬತ್ತರ ದಶಕದ ಕೊನೆ. ಭಾಂಡುಪ್‌ನ ಚಾಳಿನಲ್ಲಿ ನನ್ನ ಗಂಡ ನಸುಕಿನಲ್ಲೇ ಡ್ಯೂಟಿಗೆ ಹೊರಡುವಾಗ ಹೊರಗಿನಿಂದ ಬೀಗ ಹಾಕುತ್ತಿದ್ದರು. ನನ್ನ ಅಮ್ಮನ ಕಾಗದಗಳನ್ನು ತಾವೇ ಓದಿ ಹರಿದುಹಾಕುತ್ತಿದ್ದರು. ನನಗೆ ಜ್ವರ ಏರಿದ ದಿನ ಪಕ್ಕದ ಮನೆಯ ಕುಸುಮತಾಯಿ ಬೀಗ ಒಡೆದು ನನ್ನನ್ನು ತಮ್ಮಲ್ಲಿ ಇರಿಸಿಕೊಂಡರು. ಪೊಲೀಸರು "ಮಾರ್ ಕಾ ನಿಶಾನ್ ದಿಖಾವ್" ಎಂದರು. ತೋರಿಸಲು ಹೊಡೆತದ ಗುರುತೇ ಇರಲಿಲ್ಲ. ವಾರಿಜಕ್ಕನ ಬಳಿ ಬಂದೆ.

ನಾನು ಬರೆದು ತಂದದ್ದನ್ನು ಅವರು ಜೋರಾಗಿ ಓದಿದರು: "ನನ್ನ ಯಜಮಾನರು ಒಳ್ಳೆಯವರು. ಕುಡಿಯುವುದಿಲ್ಲ, ಹೊಡೆಯುವುದಿಲ್ಲ." ಕನ್ನಡಕ ಮೇಲೆತ್ತಿ, "ಎಂತ ಮಾರಾಯ್ತಿ, ಅವನಿಗೆ ಇನ್ನೊಂದು ಹೆಣ್ಣು ಹುಡುಕ್ಲಿಕ್ಕೆ ಬಂದದ್ದಾ ನೀನು?" ಎಂದರು.

ನಕ್ಕೆ. ನಕ್ಕಿದ್ದೆ ಎಂದೇ ಈಗ ಅನ್ನಿಸುತ್ತದೆ.

"ದೊಡ್ಡ ಮಾತು ಬೇಡ. ದಿನಾ ಬೆಳಿಗ್ಗೆ ಎಂತ ಆಗ್ತಿತ್ತು, ಅದು ಹೇಳು. ಹಾಲು ಎಲ್ಲಿ ತಗೊಳ್ತಿದ್ದಿ?"

"ಕಿಟಕೀಲಿ."

"ಬಾಗಿಲಿಗೆ ಎಂತ ಆಗಿತ್ತು?"

"ಬೀಗ ಇರ್ತಿತ್ತಲ್ಲ ಅಕ್ಕ. ಸರಳಿನ ಮಧ್ಯೆ ಪಾತ್ರೆ ತೂರ್ತಿರ್ಲಿಲ್ಲ. ಲೋಟ ಹಿಡೀತಿದ್ದೆ, ಹಾಲಿನ ಭೈಯ್ಯಾ ನಾಲ್ಕು ಸಲ ಹುಯ್ಯೋನು."

"ಎಷ್ಟು ದಿನ?"

"ಎರಡು ವರ್ಷ."

ಆಗ ನಾನೇನನ್ನೂ ಮುಚ್ಚಿಟ್ಟಿರಲಿಲ್ಲ. ಆದರೂ ಬೆರಳುಗಳು ನಿಂತವು.

"ಕೂಡಿಹಾಕುವುದೇ ಗುನ್ಹಾ. ಈಗ ಕಾನೂನು ಮನಸ್ಸಿಗೆ ಕೊಟ್ಟ ಹಿಂಸೆಯನ್ನೂ ಲೆಕ್ಕಕ್ಕೆ ಹಿಡಿತದೆ. ಆ ಭೈಯ್ಯನನ್ನು ಕರ್ಕೊಂಡು ಬಾ. ಅವನೇ ನಿನ್ನ ಸಾಕ್ಷಿ."

ವಕೀಲರನ್ನೂ ಅವರೇ ಗೊತ್ತುಮಾಡಿದರು. ವಕೀಲರ ವಾದ ಒಂದಕ್ಷರವೂ ನೆನಪಿಲ್ಲ. ಸರಳುಗಳ ನಡುವೆ ಎಷ್ಟು ಜಾಗವಿತ್ತೆಂದು ಭೈಯ್ಯಾ ಎರಡು ಬೆರಳು ಅಗಲಿಸಿ ತೋರಿಸಿದ್ದು ನೆನಪಿದೆ. ನಾನು ಬೇರೆ ಇರಬಹುದು, ಗಂಡ ನನ್ನ ತಂಟೆಗೆ ಬರಕೂಡದು ಎಂದು ಆದೇಶವಾಯಿತು.

ಅದನ್ನು ಹಿಡಿದು ಮೇಜಿನ ಬಳಿಗೆ ಓಡಿದೆ. ಕೃತಜ್ಞತೆ ಹೇಳಿದೆನೋ ಇಲ್ಲವೋ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಮತ್ತೆ ಅವರನ್ನು ನೋಡಲಿಲ್ಲ. ಕೆಲವು ವರ್ಷ ಬಿಟ್ಟು ಹೋದಾಗ ಮೇಜಿದ್ದ ಜಾಗದಲ್ಲಿ ಸ್ಕೂಟರುಗಳು ನಿಂತಿದ್ದವು.

ಆದೇಶ ಹಿಡಿದು ಓಡಿದ ಆ ದಿನ, "ಗೋರೆಗಾಂವ್‌ನಲ್ಲಿ ಹೊಲಿಗೆ ಕೆಲಸ ಸಿಕ್ಕಿದೆ, ರೂಮೂ ಇದೆ. ಹೋಗಲಾ ಅಕ್ಕ?" ಎಂದು ಕೇಳಿದೆ.

"ನನ್ನನ್ನು ಯಾಕೆ ಕೇಳ್ತಿ?"

ಹೋಗು ಎನ್ನಬಹುದೆಂದು ನಿಂತೇ ಇದ್ದೆ. ಅವರು ಸರತಿಯಲ್ಲಿದ್ದ ಮುಂದಿನ ಹೆಂಗಸನ್ನು ಕೂರಿಸಿಕೊಂಡರು. ಇನ್ನೂ ಸ್ವಲ್ಪ ಹೊತ್ತು ಕಾದೆ. ಆಮೇಲೆ, ಯಾರೂ ಹೇಳದೆಯೇ, ರೈಲ್ವೆ ಸ್ಟೇಷನ್ ಕಡೆ ಹೊರಟೆ.