ಎರಡು ಕಿಲೋ ಕಲ್ಲು, ಒಂದು ಕೋವಿ

ಬೆಳಗಿನ ಐದೂವರೆ. ಲಕ್ಷ್ಮೀಪುರಂನ ಹಿಂಬದಿಯ ಓಣಿಗೆ ಹಾಲಿನವನ ಸೈಕಲ್ಲು ಇನ್ನೂ ಬಂದಿಲ್ಲ. ಹಣೆಗೆ ವಿಭೂತಿ ಧರಿಸಿದ ಗುರುಸಿದ್ದಯ್ಯನವರು ಉಡಿದಾರಕ್ಕೆ ಕಟ್ಟಿದ ಬೀಗದ ಕೈ ಬಿಚ್ಚಿ ಕಬ್ಬಿಣದ ಬೀರುವಿನ ಎದುರು ನಿಲ್ಲುತ್ತಾರೆ. ಕೂಡಲೇ ತೆಗೆಯುವುದಿಲ್ಲ. ಬಾಗಿಲಿಗೆ ಕಿವಿಯಿಟ್ಟು ಕೇಳುತ್ತಾರೆ. ಆಮೇಲೆ ಬೀಗ ತೆಗೆದು, ಒಳಗಿನ ಹಳೇ ಬೇಟೆ ರೈಫಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ.

“ನೋಡಿ, ಇವತ್ತೂ ಎದ್ದು ಕೂತದೆ,” ಎನ್ನುತ್ತಾರೆ.

ಗುಂಡು ತುಂಬಲು ಎಳೆಯುವ ಬೋಲ್ಟಿನ ಹಿಂದೆ ಉಗುರಿನಷ್ಟು ಕಬ್ಬಿಣ ಹೊರಗೆ ಇಣುಕಿದೆ. ಹಾಗೆ ಇಣುಕಿದರೆ ಕೋವಿ ಹೊಡೆಯಲು ಸಜ್ಜಾಗಿದೆ ಎಂದರ್ಥ. ರಾತ್ರಿ ಮಲಗುವ ಮುಂಚೆ ಅವರೇ ಗುಂಡಿಲ್ಲದ್ದನ್ನು ನೋಡಿ, ಸ್ಪ್ರಿಂಗು ಸಡಿಲಿಸಿ, ಆ ಕಬ್ಬಿಣವನ್ನು ಒಳಗೆ ಕೂರಿಸಿ ಬೀಗ ಹಾಕಿದ್ದರು. ಬೀಗದ ಕೈ ಇರುವುದು ಒಂದೇ. ಯಾರಾದರೂ ಬೋಲ್ಟು ಎಳೆದು ಮುಚ್ಚದೆ ಆ ಕಬ್ಬಿಣ ಹೊರಗೆ ಬರುವಂತಿಲ್ಲ. ಕೋವಿಯ ಒಳಹೊರಗನ್ನು ಅರೆದು ಕುಡಿದ ಈ ಮನುಷ್ಯನಿಗೂ ಅದು ಹೇಗೆ ಬರುತ್ತದೆಂದು ಗೊತ್ತಾಗಿಲ್ಲ.

ಗುರುಸಿದ್ದಯ್ಯನವರಿಗೆ ಈಗ ಎಪ್ಪತ್ತೊಂದು. ಕೋವಿ ರಿಪೇರಿಗೆ ಕೈ ಹಾಕಿ ಐವತ್ತು ವರ್ಷ. ಮೈಸೂರಿನ ಎಷ್ಟೋ ದೊಡ್ಡ ಮನೆಗಳ ಗೋಡೆಯ ಮೇಲಿನ ಕೋವಿಗಳು ಹೊಳೆಯುವುದು ಇವರ ಎಣ್ಣೆಬಟ್ಟೆಯಿಂದ. ಮೆಚ್ಚಿಕೊಂಡವರು ಕೇಳುವುದು ಮಾತ್ರ ಯಜಮಾನರ ಹೆಸರನ್ನು. ಬೇಟೆಯ ಕಾಲದಲ್ಲಿ ವಾರಕ್ಕೆ ಹತ್ತು ಕೋವಿ ಬರುತ್ತಿದ್ದವು. ಈಗ ತಿಂಗಳಿಗೆ ಮೂರು ಬಂದರೆ ಹೆಚ್ಚು. ಆಯುಧಪೂಜೆಯ ಹಿಂದಿನ ವಾರ ಮಾತ್ರ ಊಟಕ್ಕೂ ಪುರುಸೊತ್ತಿಲ್ಲ.

ಅವರ ಪದ್ಧತಿ ಒಂದಿದೆ. ರಿಪೇರಿಯಾದ ಕೋವಿಯನ್ನು ನೆಟ್ಟಗೆ ನಿಲ್ಲಿಸಿ, ಟ್ರಿಗರ್‌ಗೆ ದಾರದಲ್ಲಿ ಎರಡು ಕಿಲೋ ತೂಕದ ಕಲ್ಲು ನೇತು ಹಾಕುತ್ತಾರೆ. ಕಲ್ಲಿನ ಭಾರಕ್ಕೂ ಟ್ರಿಗರ್ ಬೀಳಬಾರದು. ಬಿದ್ದರೆ ಕೋವಿ ಮನೆ ಬಿಟ್ಟು ಹೋಗುವಂತಿಲ್ಲ.

ಆ ಕಲ್ಲನ್ನು ಅವರು ಕಟ್ಟದೇ ಬಿಟ್ಟದ್ದು ಒಂದೇ ಸಲ, ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ. ಇದೇ ರೈಫಲ್ಲಿಗೆ. ಆಗ ಅದು ಊರಿನ ಸಾಹುಕಾರರೊಬ್ಬರದು.

“ಸಾಹುಕಾರ್ರು ಟ್ರಿಗರ್ ಸ್ವಲ್ಪ ಹಗುರ ಮಾಡ್ಕೊಡಿ ಅಂದ್ರು. ಒಳಗಿನ ಕೊಕ್ಕೆಗೆ ಅರ ಹಾಕಿ ತೇದೆ. ಬಾಗ್ಲಲ್ಲಿ ಜೀಪು ಹಾರನ್ ಹೊಡೀತಾ ಇತ್ತು. ಕಲ್ಲು ಕಟ್ದೇನೆ ಕೊಟ್ಬುಟ್ಟೆ ಕಣ್ರೀ.”

ಆ ಸಂಜೆ ಕಾಡಿನಲ್ಲಿ ಸಾಹುಕಾರರು ಜೀಪಿನಿಂದ ಇಳಿಯುವಾಗ ಕುಲುಕಿದ್ದಷ್ಟೇ, ಕೋವಿ ತಾನಾಗಿ ಹಾರಿತು. ಮುಂದೆ ಪೊದೆ ಬಡಿದು ಪ್ರಾಣಿ ಎಬ್ಬಿಸುತ್ತಿದ್ದ ಇಲವಾಲದ ಹುಚ್ಚಣ್ಣ ಅಲ್ಲೇ ಬಿದ್ದ. ಪೊಲೀಸರು ಆಕಸ್ಮಿಕ ಎಂದು ಬರೆದುಕೊಂಡರು. ಅರ ಹಾಕಿದ್ದು ಯಾರು ಎಂದು ಯಾರೂ ಕೇಳಲಿಲ್ಲ. ಸಾಹುಕಾರರು ಆ ಕೋವಿಯನ್ನು ಮನೆಯಲ್ಲಿಟ್ಟುಕೊಳ್ಳಲು ಹೆದರಿ ಇವರ ಹೆಸರಿಗೇ ಮಾಡಿಸಿಕೊಟ್ಟರು.

ಹದಿನೈದನೆಯ ದಿನ ಗುರುಸಿದ್ದಯ್ಯನವರು ಇಲವಾಲಕ್ಕೆ ಹೋಗಿ, ಹುಚ್ಚಣ್ಣನ ಹೆಂಡತಿ ಬೀರಮ್ಮನ ಮುಂದೆ ನಡೆದದ್ದನ್ನೆಲ್ಲ ಹೇಳಿದರು. ಬೈಗುಳಕ್ಕೆ, ಏಟಿಗೆ ಸಿದ್ಧರಾಗಿಯೇ ಹೋಗಿದ್ದರು. ಆಕೆ ಅಳಲೂ ಇಲ್ಲ.

“ಅದು ನಿಮ್ ತಾವೇ ಇರ್ಲಿ ಅಯ್ನೋರೇ. ಬ್ಯಾರೇರ ಕೈಗೆ ಓಗ್ಬಾರ್ದು. ನಮ್ಮನೆಯೋರು ಕೊನೇಗೆ ನೋಡಿದ್ದು ಅದುನ್ನೇ,” ಎಂದಳಂತೆ. ಇವರು ಮಾತು ಕೊಟ್ಟು ಬಂದರು. ಮಾರನೆಯ ಬೆಳಿಗ್ಗೆಯೇ ಬೀರುವಿನೊಳಗೆ ಮೊದಲ ಸಲ ‘ಟಿಕ್’ ಎಂದಿತು; ತೆಗೆದು ನೋಡಿದರೆ ಬೋಲ್ಟಿನ ಹಿಂದಿನ ಕಬ್ಬಿಣ ಹೊರಗೆ ಬಂದಿತ್ತು.

ಹೆಂಡತಿ ಪ್ರೇಮಲೀಲಾ ಮೊದಮೊದಲು ನಗುತ್ತಿದ್ದರು. “ಇಲಿ ಇರ್ಬೇಕು ಅಂದೆ. ಒಂದಿನ ಇವ್ರು ಊರಲ್ಲಿರ್ಲಿಲ್ಲ. ಬೀಗದ ಕೈನೂ ಇವ್ರ ಸೊಂಟದಲ್ಲೇ ಹೋಗಿತ್ತು. ಬೆಳಿಗ್ಗೆ ನನ್ ಕಿವಿಯಾರೆ ಕೇಳ್ದೆ. ಆವತ್ತಿಂದ ಆ ರೂಮು ನಾನು ಗುಡ್ಸಲ್ಲ.”

ಇಷ್ಟಾದರೂ ಆ ಕೋವಿಯ ಮೇಲೆ ಗುರುಸಿದ್ದಯ್ಯನವರಿಗೆ ಪ್ರೀತಿಯಿದೆ, ಅದನ್ನವರು ಮುಚ್ಚಿಡುವುದಿಲ್ಲ. ಇಂಗ್ಲೆಂಡಿನಲ್ಲಿ ಸಾವಿರದ ಒಂಬೈನೂರ ಇಪ್ಪತ್ತಾರರಲ್ಲಿ ತಯಾರಾದದ್ದು. ಅಕ್ರೋಟು ಮರದ ಹಿಡಿ ಹುಣಸೆಬೀಜದ ಬಣ್ಣಕ್ಕೆ ತಿರುಗಿದೆ. ಬೋಲ್ಟು ಎಳೆದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತದೆ. “ಇಂಥಾ ಕೆಲ್ಸ ಮಾಡ್ದೋನ ಕೈಗೆ ನಮಸ್ಕಾರ. ಕೆಡ್ಸಿದ್ದು ನನ್ ಕೈ,” ಎನ್ನುತ್ತಾರೆ. ಟ್ರಿಗರ್‌ನ ಭಾಗವನ್ನು ಹೊಸದಾಗಿ ಮಾಡಿ ಕೂರಿಸಿದ್ದಾರೆ. ಈಗದು ಮೂರು ಕಿಲೋ ಕಲ್ಲಿಗೂ ಜಗ್ಗುವುದಿಲ್ಲ.

ಸಂಕಟ ಬಂದಿರುವುದು ಈ ವರ್ಷ. ಕಣ್ಣಿಗೆ ಪೊರೆ ಬಂದಿದೆ. ಎರಡು ಸಾವಿರದ ಎರಡರ ಡಿಸೆಂಬರ್‌ಗೆ ಲೈಸೆನ್ಸು ಮುಗಿಯುತ್ತದೆ. ಈ ವಯಸ್ಸಿಗೆ ಮತ್ತೆ ಸಿಗುವುದು ಕಷ್ಟವಂತೆ. ಒಂದೋ ಬೇರೆಯವರಿಗೆ ಕೊಡಬೇಕು, ಇಲ್ಲವೇ ಸರ್ಕಾರಕ್ಕೆ ಒಪ್ಪಿಸಿ ಕರಗಿಸಲು ಬಿಡಬೇಕು. ಹಳೇ ಕೋವಿ ಕೂಡಿಡುವ ಹವ್ಯಾಸದ ಸುಂದರೇಶ ಎಂಬವರು ಈಗಾಗಲೇ ಎರಡು ಸಲ ಬಂದು ಕೇಳಿದ್ದಾರೆ. ಎರಡನೆಯ ಸಲ ಇವರು ಮನಸ್ಸು ಮಾಡಿಯೇಬಿಟ್ಟಿದ್ದರು. ಸುಂದರೇಶ ಕೋವಿ ಹೆಗಲಿಗೇರಿಸಿ, ಬೆರಳಾಡಿಸಿ, “ಟ್ರಿಗರ್ ಸ್ವಲ್ಪ ಹಗುರ ಮಾಡ್ಕೊಡಿ” ಎಂದರು. ಸಾಹುಕಾರರ ಅದೇ ಮಾತು, ಅದೇ ವರಸೆ. ಗುರುಸಿದ್ದಯ್ಯನವರು ಕೋವಿ ಕಿತ್ತುಕೊಂಡು ಬೀರುವಿಗೆ ಹಾಕಿ ಬೀಗ ಜಡಿದರು.

ಅಂದಮೇಲೆ ಕರಗಿಸಲು ಕೊಡುವುದೇ ದಾರಿ. ಅರ್ಜಿ ಬರೆದು ದೇವರ ಗೂಡಿನಲ್ಲಿಟ್ಟಿದ್ದಾರೆ. ಸಹಿ ಮಾತ್ರ ಹಾಕಿಲ್ಲ.

“ಆವತ್ತಿಂದ ನನ್ ಕೈ ದಾಟಿ ಹೋದ ಯಾವ ಕೋವೀನೂ ತಾನಾಗಿ ಹಾರಿಲ್ಲ. ಅದೊಂದು ನೆಮ್ಮದಿ,” ಎನ್ನುತ್ತಾ ಅವರು ಸ್ಪ್ರಿಂಗು ಸಡಿಲಿಸಿ ಕೋವಿಯನ್ನು ಒಳಗಿಡುತ್ತಾರೆ. “ಒಂದೇ ಒಂದು ಬೆಳಿಗ್ಗೆ ಇದು ನಾನು ಮಲಗ್ಸಿದ್ದಂಗೇ ಮಲಗಿರ್ಬೇಕು ಕಣ್ರೀ. ಹುಚ್ಚಣ್ಣ ನನ್ನ ಬುಟ್ಬುಟ್ಟ ಅಂದ್ಕೊಂಡು ಆವತ್ತೇ ಸಹಿ ಹಾಕ್ತೀನಿ.”

ಬೀಗ ಹಾಕಿ, ಬೀಗದ ಕೈ ಉಡಿದಾರಕ್ಕೆ ಕಟ್ಟಿ, ಎರಡು ಹೆಜ್ಜೆ ನಡೆದವರು ಅಲ್ಲೇ ನಿಲ್ಲುತ್ತಾರೆ. ಬೀರುವಿನೊಳಗೆ ‘ಟಿಕ್’ ಎನ್ನುತ್ತದೆ.

“ಇರ್ಲಿ ಬುಡಪ್ಪ,” ಎನ್ನುತ್ತಾರೆ ಮೆಲ್ಲಗೆ, ಬೀರುವಿನ ಕಡೆಗೆ ತಿರುಗಿ. “ನಾನೂ ಇನ್ನೂ ಇಲ್ಲೇ ಇವ್ನಿ.”